ಭುಜದ ಮೂಳೆ ಎಷ್ಟು ಗಟ್ಟಿ? ಕೃತಕ ಕೀಲು ಕೂರಿಸುವ ಮೊದಲು ಡಾಕ್ಟರ್ ಯೋಚಿಸುವುದೇನು?

ಮೊಣಕಾಲಿನ ಕೀಲು ಬದಲಾಯಿಸಿಕೊಂಡವರು ಈಗ ಎಲ್ಲ ಕಡೆ ಸಿಗುತ್ತಾರೆ. ಸೊಂಟದ ಕೀಲಿನ ವಿಷಯವೂ ಹೊಸದಲ್ಲ. ಆದರೆ ಮನೆಯಲ್ಲಿ ಯಾರಿಗಾದರೂ ಭುಜದ ಕೀಲು ಬದಲಾಯಿಸಬೇಕು ಅಂತ ಡಾಕ್ಟರ್ ಹೇಳಿದರೆ ಮೊದಲು ಬಾಯಿಗೆ ಬರುವ ಪ್ರಶ್ನೆ, "ಭುಜಕ್ಕೂ ಹಾಕ್ತಾರಾ?" ಹಾಕುತ್ತಾರೆ. ಅದಕ್ಕೆ ಮೊದಲು ಸಿಟಿ ಸ್ಕ್ಯಾನ್ ಬರೆದುಕೊಡುತ್ತಾರೆ. ಸ್ಕ್ಯಾನ್ ನೋಡಿ "ಮೂಳೆ ಅಷ್ಟಕ್ಕಷ್ಟೆ ಇದೆ" ಅಂತಲೋ, "ಬಟ್ಟಲು ಹಿಂಬದಿಗೆ ಸವೆದಿದೆ" ಅಂತಲೋ ಹೇಳುತ್ತಾರೆ. ಕೇಳುವವರಿಗೆ ಅಲ್ಲಿಂದ ಮುಂದೆ ಎಲ್ಲ ಗೊಂದಲ. ಹಾಕುವುದು ಲೋಹ ಅಲ್ವಾ? ಅದು ಗಟ್ಟಿಯಾಗಿದ್ದರೆ ಸಾಲದೆ? ಮೂಳೆಯ ಬಗ್ಗೆ ಇಷ್ಟು ತಲೆಕೆಡಿಸಿಕೊಳ್ಳುವುದು ಯಾಕೆ?

ಇಂಪ್ಲಾಂಟ್ ಅಂದರೆ ಸವೆದ ಕೀಲಿನ ಜಾಗದಲ್ಲಿ ಕೂರಿಸುವ ಕೃತಕ ಭಾಗ. ಭುಜದಲ್ಲಿ ಈ ಇಂಪ್ಲಾಂಟಿನ ಲೋಹ ಮುರಿಯುವುದು ಅಪರೂಪ. ಹೆಚ್ಚಾಗಿ ಕೈಕೊಡುವುದು ಅದರ ಹಿಡಿತ. ಗೋಡೆಗೆ ಹೊಡೆದ ಮೊಳೆ ಕಿತ್ತುಬಂದಾಗ ಮೊಳೆಯನ್ನು ಯಾರೂ ಬೈಯುವುದಿಲ್ಲ, ಗೋಡೆ ಉದುರುತ್ತಿದೆ ಅನ್ನುತ್ತಾರೆ. ಇಲ್ಲಿ ಗೋಡೆ ಅಂದರೆ ಭುಜದ ಮೂಳೆ.

ಒರಳಲ್ಲ, ತಟ್ಟೆ

ಭುಜದ ಮುಖ್ಯ ಕೀಲಿನಲ್ಲಿ ಎರಡು ಮೂಳೆ ಸೇರುತ್ತವೆ. ಒಂದು ರಟ್ಟೆಯ ಮೂಳೆ. ಭುಜದಿಂದ ಮೊಣಕೈವರೆಗಿನ ಈ ಉದ್ದ ಮೂಳೆಯ ಮೇಲ್ತುದಿ ಅರ್ಧ ಚೆಂಡಿನ ಹಾಗೆ ದುಂಡಗಿದೆ. ಇನ್ನೊಂದು ಹೆಗಲೆಲುಬು. ಬೆನ್ನಿನ ಮೇಲ್ಭಾಗದಲ್ಲಿ ಎರಡೂ ಕಡೆ ರೆಕ್ಕೆಯ ಹಾಗೆ ಕೈಗೆ ಸಿಗುವ ಚಪ್ಪಟೆ ಮೂಳೆ ಇದು. ಇದರ ಹೊರಮೂಲೆಯಲ್ಲಿ ಒಂದು ಪುಟ್ಟ ಬಟ್ಟಲಿದೆ. ವೈದ್ಯರು ಅದನ್ನು ಗ್ಲೀನಾಯ್ಡ್ ಅನ್ನುತ್ತಾರೆ. ನಾವು ಬಟ್ಟಲು ಅಂತಲೇ ಕರೆಯೋಣ. ರಟ್ಟೆಯ ಗುಂಡು ಈ ಬಟ್ಟಲಿನ ಮೇಲೆ ಹೊರಳುತ್ತದೆ, ಜಾರುತ್ತದೆ. ನಾವು ಕೈ ಎತ್ತುವುದು, ಬೆನ್ನು ಕೆರೆದುಕೊಳ್ಳುವುದು, ತಲೆ ಬಾಚುವುದು ಎಲ್ಲ ಹೀಗೆ.

ಸೊಂಟದ ಕೀಲನ್ನು ಒರಳು ಅಂದುಕೊಳ್ಳಿ. ಗುಂಡು ಆಳವಾದ ಕುಳಿಯೊಳಗೆ ಭದ್ರವಾಗಿ ಕೂತಿರುತ್ತದೆ. ಭುಜದಲ್ಲಿ ಒರಳಿಲ್ಲ, ತಟ್ಟೆ ಇದೆ. ಗುಂಡಿನ ಅಗಲ ಸುಮಾರು 4.5ರಿಂದ 5 ಸೆಂಟಿಮೀಟರ್. ಬಟ್ಟಲಿನ ಎತ್ತರ 3.5ರಿಂದ 4, ಅಗಲ 2.5ರಿಂದ 3 ಸೆಂಟಿಮೀಟರ್ ಆಸುಪಾಸು. ಗುಂಡಿನ ಮೇಲ್ಮೈ ಬಟ್ಟಲಿನದಕ್ಕಿಂತ ಮೂರ್ನಾಲ್ಕು ಪಟ್ಟು ದೊಡ್ಡದು. ಅದಕ್ಕೇ ದೇಹದಲ್ಲಿ ಅತಿ ಹೆಚ್ಚು ತಿರುಗುವ ಕೀಲು ಭುಜ. ಅತಿ ಸುಲಭವಾಗಿ ಜಾರಿಹೋಗುವ ಕೀಲೂ ಅದೇ. ಗುಂಡನ್ನು ಜಾಗದಲ್ಲಿ ಹಿಡಿದಿಡುವ ಕೆಲಸದಲ್ಲಿ ದೊಡ್ಡ ಪಾಲು ಸುತ್ತಲಿನ ಸ್ನಾಯುಗಳದ್ದು ಮತ್ತು ಅವನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜುಗಳದ್ದು.

ಹೆಗಲೆಲುಬು ಎಷ್ಟು ತೆಳುವು ಅಂತ ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ವೈದ್ಯಕೀಯ ವಿದ್ಯಾರ್ಥಿಗಳು ಪಾಠಕ್ಕೆ ಬಳಸುವ ಒಣಗಿದ ಹೆಗಲೆಲುಬನ್ನು ಕಿಟಕಿಯ ಬೆಳಕಿಗೆ ಹಿಡಿದರೆ ನಡುಭಾಗದಲ್ಲಿ ಬೆಳಕು ಆಚೆಯಿಂದ ಈಚೆಗೆ ಹಾಯುತ್ತದೆ, ಎಣ್ಣೆ ಹಚ್ಚಿದ ಕಾಗದದ ಹಾಗೆ. ದಪ್ಪ ಇರುವುದು ಅಂಚುಗಳಲ್ಲಿ ಮತ್ತು ಬಟ್ಟಲಿನ ಹಿಂದೆ ಮಾತ್ರ. ಬಟ್ಟಲಿನ ಹಿಂದಿನ ಮೂಳೆಯೂ ಲಾಳಿಕೆಯ ಹಾಗೆ ಬೇಗ ಕಿರಿದಾಗುತ್ತದೆ. ಆಳ ಎರಡು ಮೂರು ಸೆಂಟಿಮೀಟರ್ ಸಿಕ್ಕರೆ ಹೆಚ್ಚು. ಬಟ್ಟಲಿನ ಕಡೆಯ ಇಂಪ್ಲಾಂಟು ಕಾಲೂರಬೇಕಾದದ್ದು ಈ ಇಷ್ಟೇ ಇಷ್ಟು ಜಾಗದಲ್ಲಿ.

ಹೊರಗೆ ಚಿಪ್ಪು, ಒಳಗೆ ಸ್ಪಂಜು

ಮೂಳೆ ಅಂದರೆ ಒಂದೇ ಹದದ ಗಟ್ಟಿ ವಸ್ತು ಅಲ್ಲ. ಹೊರಗಿನದು ಗಟ್ಟಿ ಚಿಪ್ಪು. ಒಳಗಿನದು ಸ್ಪಂಜಿನ ಹಾಗೆ ತೂತುತೂತಾದ ಮೂಳೆ. ಈ ಸ್ಪಂಜು ಸಾವಿರಾರು ಪುಟ್ಟ ಕಡ್ಡಿ, ಹಲಗೆಗಳ ಹೆಣಿಗೆ. ಒಂದೊಂದು ಕಡ್ಡಿಯ ದಪ್ಪ ಮಿಲಿಮೀಟರಿನ ಹತ್ತನೇ ಒಂದು ಭಾಗದ ಆಸುಪಾಸು. ನಡುವಿನ ತೂತುಗಳಲ್ಲಿ ಮಜ್ಜೆ ತುಂಬಿರುತ್ತದೆ. ಚಿಪ್ಪಿನಲ್ಲಿ ಖಾಲಿ ಜಾಗ ತೀರಾ ಕಡಿಮೆ. ಸ್ಪಂಜಿನಲ್ಲಿ ಅರ್ಧಕ್ಕಿಂತ ಜಾಸ್ತಿ ಖಾಲಿಯೇ.

ಎರಡೂ ಕಡೆ ಕಚ್ಚಾ ಸಾಮಾನು ಒಂದೇ: ಸುಣ್ಣದಂಥ ಖನಿಜ ಮತ್ತು ಕೊಲಾಜೆನ್ ಅನ್ನುವ ಪ್ರೋಟೀನಿನ ನಾರು. ಸಣ್ಣ ಮೂಳೆಯೊಂದನ್ನು ಕೆಲವು ದಿನ ವಿನೆಗರ್‌ನಲ್ಲಿ ನೆನೆಹಾಕಿದರೆ ಖನಿಜ ಕರಗಿ, ಉಳಿದದ್ದು ರಬ್ಬರಿನ ಹಾಗೆ ಬಾಗುತ್ತದೆ. ಅಂಥದ್ದೇ ಇನ್ನೊಂದು ಮೂಳೆಯನ್ನು ಸುಟ್ಟರೆ ನಾರು ಹೋಗಿ, ಮುಟ್ಟಿದರೆ ಪುಡಿಯಾಗುತ್ತದೆ. ಕಾಂಕ್ರೀಟಿನೊಳಗೆ ಕಬ್ಬಿಣದ ಸರಳು ಇಟ್ಟ ಹಾಗೆ ಇವೆರಡೂ ಸೇರಿದಾಗಲೇ ಮೂಳೆಗೆ ಮೂಳೆಯ ಗುಣ.

ಮೂಳೆಗೆ ಇನ್ನೊಂದು ಸ್ವಭಾವ ಇದೆ. ಒತ್ತಿದರೆ ತಾಳಿಕೊಳ್ಳುತ್ತದೆ, ಎಳೆದರೆ ಅಷ್ಟು ತಾಳುವುದಿಲ್ಲ, ಪಕ್ಕಕ್ಕೆ ಜಾರಿಸಿ ಕತ್ತರಿಸುವಂತೆ ತಳ್ಳಿದರೆ ಇನ್ನೂ ಕಡಿಮೆ. ಯಾವ ದಿಕ್ಕಿನಿಂದ ಭಾರ ಬಂತು ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ಮರದ ತುಂಡು ನಾರಿನ ಉದ್ದಕ್ಕೆ ಸುಲಭವಾಗಿ ಸೀಳುತ್ತದೆ, ಅಡ್ಡಕ್ಕೆ ಸೀಳುವುದಿಲ್ಲ. ಅದೇ ರೀತಿ.

ಪೆಡಸು ಬೇರೆ, ತಾಳಿಕೆ ಬೇರೆ

ಇಲ್ಲಿ ಎರಡು ಪದ ಸ್ಪಷ್ಟ ಮಾಡಿಕೊಂಡರೆ ಮುಂದಿನದು ಸಲೀಸು. ಒತ್ತಿದಾಗ ಒಂದು ವಸ್ತು ಎಷ್ಟು ಕಡಿಮೆ ಬಾಗುತ್ತದೋ ಅಷ್ಟು ಅದು ಪೆಡಸು. ಮುರಿಯುವ ಮೊದಲು ಎಷ್ಟು ಭಾರ ಹೊರುತ್ತದೋ ಅದು ಅದರ ತಾಳಿಕೆ. ಗಾಜು ಪೆಡಸು, ಆದರೆ ಬೀಳಿಸಿದರೆ ಚೂರು. ನೈಲಾನ್ ಹಗ್ಗ ಬಳುಕುತ್ತದೆ, ಆದರೂ ಲಾರಿ ಎಳೆಯುತ್ತದೆ.

ತಾಳಿಕೆಯನ್ನು ಮೆಗಾಪಾಸ್ಕಲ್‌ನಲ್ಲಿ ಹೇಳುತ್ತಾರೆ. ಹೆಸರು ದೊಡ್ಡದು, ಅರ್ಥ ಸಣ್ಣದು. ಒಂದು ಚದರ ಮಿಲಿಮೀಟರ್ ಜಾಗದ ಮೇಲೆ ಸುಮಾರು 100 ಗ್ರಾಂ ತೂಕ ಇಟ್ಟರೆ 1 ಮೆಗಾಪಾಸ್ಕಲ್. ಉದ್ದ ಮೂಳೆಯ ಚಿಪ್ಪನ್ನು ಉದ್ದಕ್ಕೆ ಒತ್ತಿದರೆ 170ರಿಂದ 200 ಮೆಗಾಪಾಸ್ಕಲ್‌ವರೆಗೆ ತಾಳುತ್ತದೆ. ಅಂದರೆ ಪೆನ್ಸಿಲ್ ಮೊನೆಯಷ್ಟು ಜಾಗದ ಮೇಲೆ ಹದಿನೇಳು ಇಪ್ಪತ್ತು ಕಿಲೋ! ಸ್ಪಂಜು ಮೂಳೆಯ ತಾಳಿಕೆ ಇದರ ಹತ್ತಿರವೂ ಬರುವುದಿಲ್ಲ. ಹಲವು ಕಡೆ ಅದು ಹತ್ತಿಪ್ಪತ್ತು ಮೆಗಾಪಾಸ್ಕಲ್ ಒಳಗೇ.

ಪೆಡಸಿನ ಅಳತೆ ಗಿಗಾಪಾಸ್ಕಲ್, ಅಂದರೆ ಸಾವಿರ ಮೆಗಾಪಾಸ್ಕಲ್. ಮೂಳೆಯ ಚಿಪ್ಪು 15ರಿಂದ 20. ಸ್ಪಂಜು ಮೂಳೆ ಸಾಮಾನ್ಯವಾಗಿ 1ಕ್ಕಿಂತ ಕಡಿಮೆ, ಮೆತ್ತಗಿದ್ದ ಕಡೆ 0.1ರ ಸುತ್ತಮುತ್ತ. ಈಗ ಇಂಪ್ಲಾಂಟಿನ ಸಾಮಾನು ನೋಡಿ. ಟೈಟಾನಿಯಂ ಮಿಶ್ರಲೋಹ ಸುಮಾರು 110, ಕೋಬಾಲ್ಟ್ ಕ್ರೋಮಿಯಂ 200ಕ್ಕೂ ಹೆಚ್ಚು. ಬಟ್ಟಲಿಗೆ ಹಾಕುವ ಪಾಲಿಎಥಿಲೀನ್ ಪ್ಲಾಸ್ಟಿಕ್ ಸುಮಾರು 1. ಮೂಳೆ ಸಿಮೆಂಟ್ 2ರಿಂದ 3. ಇಲ್ಲಿ ಸಿಮೆಂಟ್ ಅಂದರೆ ಮನೆ ಕಟ್ಟುವುದಲ್ಲ, ಕಲಸಿ ಹಚ್ಚಿದ ಕೆಲವೇ ನಿಮಿಷಕ್ಕೆ ಗಟ್ಟಿಯಾಗುವ ಅಕ್ರಿಲಿಕ್.

ಸ್ಪಂಜು ಮೂಳೆಯ ಮಟ್ಟಿಗೆ ಇನ್ನೊಂದು ಲೆಕ್ಕ ನೆನಪಿಟ್ಟುಕೊಳ್ಳುವಂಥದ್ದು. ಅದರ ಸಾಂದ್ರತೆ ಅರ್ಧಕ್ಕೆ ಇಳಿದರೆ ತಾಳಿಕೆ ಅರ್ಧಕ್ಕೆ ನಿಲ್ಲುವುದಿಲ್ಲ, ಸುಮಾರು ಕಾಲು ಭಾಗಕ್ಕೆ ಬೀಳುತ್ತದೆ. ಕಡ್ಡಿಗಳು ತೆಳುವಾಗುವುದರ ಜೊತೆಗೆ ಅವುಗಳ ನಡುವಿನ ಕೊಂಡಿಗಳೂ ಕಳಚುತ್ತವೆ ಅಲ್ವಾ, ಅದಕ್ಕೆ. "ಮೂಳೆ ಸ್ವಲ್ಪ ಸವೆದಿದೆ ಅಷ್ಟೆ" ಅನ್ನುವ ಮಾತಿನಲ್ಲಿ ಆ "ಸ್ವಲ್ಪ" ಅಷ್ಟು ಸ್ವಲ್ಪವಲ್ಲ.

ಸುಮ್ನೆ ಕೈ ಚಾಚಿದರೂ

ಕಾಲಿನ ಹಾಗೆ ಭುಜ ಮೈಭಾರ ಹೊರುವುದಿಲ್ಲ, ಅದಕ್ಕೇನು ಕಷ್ಟ ಅನ್ನಿಸಬಹುದು. ಲೆಕ್ಕ ಹಾಕಿ ನೋಡೋಣ. 70 ಕಿಲೋ ತೂಗುವವರ ಒಂದು ತೋಳಿನ ತೂಕ ಸುಮಾರು ಮೂರೂವರೆ ಕಿಲೋ. ತೋಳನ್ನು ಪಕ್ಕಕ್ಕೆ ನೇರ ಚಾಚಿದಾಗ ಆ ತೂಕದ ನಡುಬಿಂದು ಕೀಲಿನಿಂದ ಸುಮಾರು 30 ಸೆಂಟಿಮೀಟರ್ ದೂರ ಇರುತ್ತದೆ. ತೋಳನ್ನು ಎತ್ತಿ ಹಿಡಿಯುವ ಸ್ನಾಯು ಎಳೆಯುವುದು ಕೀಲಿನಿಂದ ಮೂರೇ ಸೆಂಟಿಮೀಟರ್ ಆಸುಪಾಸಿನಲ್ಲಿ. ತಕ್ಕಡಿಯ ಒಂದು ಕಡೆ ಉದ್ದ ಕೋಲು, ಇನ್ನೊಂದು ಕಡೆ ಗೇಣೂ ಇಲ್ಲದ ಕೋಲು. ಹಾಗಾಗಿ ಸ್ನಾಯು ಹತ್ತು ಪಟ್ಟು ಬಲ ಹಾಕಬೇಕು, ಅಂದರೆ 35 ಕಿಲೋ. ಗುಂಡನ್ನು ಜಾಗದಲ್ಲಿ ಹಿಡಿಯುವ ಬೇರೆ ಸ್ನಾಯುಗಳ ಎಳೆತ ಇದರ ಮೇಲೆ. ಎಲ್ಲ ಸೇರಿ ಕೀಲಿನ ಮೇಲೆ ಬೀಳುವ ಒತ್ತಡ ದೇಹದ ತೂಕದ ಸುಮಾರು 90% ಅಂತ 1978ರಲ್ಲೇ ಲೆಕ್ಕ ಹಾಕಿದ್ದರು. ಕೈಯಲ್ಲಿ ಏನೂ ಹಿಡಿಯದೆ ಇಷ್ಟು. ಆಮೇಲೆ ಬರ್ಲಿನ್‌ನ ಸಂಶೋಧಕರು ಒತ್ತಡ ಅಳೆಯುವ ಎಲೆಕ್ಟ್ರಾನಿಕ್ಸನ್ನು ಇಂಪ್ಲಾಂಟಿನ ಒಳಗೇ ಇಟ್ಟು, ರೋಗಿಯ ಭುಜದಿಂದಲೇ ನೇರ ಅಳತೆ ಪಡೆದರು. ಮೊದಲ ರೋಗಿಯ ವರದಿ 2007ರಲ್ಲಿ ಬಂತು. ಕೆಲವು ಕೆಲಸಗಳಲ್ಲಿ ಒತ್ತಡ ದೇಹದ ತೂಕವನ್ನೂ ದಾಟುತ್ತದೆ ಅಂತ ಇಂಥ ಅಳತೆಗಳಿಂದ ಗೊತ್ತಾಯಿತು.

ಬಟ್ಟಲಿನ ಕಡೆ: ಅಲ್ಲಾಡುವ ಕಂಬ

ಭುಜದ ಕೀಲಿಗೆ ಕೃತಕ ಭಾಗ ಹಾಕುವ ಪ್ರಯತ್ನ ಹಳೆಯದು. ಪ್ಯಾರಿಸ್‌ನಲ್ಲಿ 1893ರಲ್ಲಿ ಜೂಲ್ಸ್ ಪೆಯಾನ್ ಅನ್ನುವ ಶಸ್ತ್ರವೈದ್ಯ ಕ್ಷಯದಿಂದ ಹಾಳಾದ ಭುಜಕ್ಕೆ ಪ್ಲಾಟಿನಂ ಕೊಳವೆ, ರಬ್ಬರ್ ಗುಂಡು ಕೂರಿಸಿದ. ಸೋಂಕಿನಿಂದಾಗಿ ಸುಮಾರು ಎರಡು ವರ್ಷಕ್ಕೆ ತೆಗೆಯಬೇಕಾಯಿತು. ಈಗಿನ ಬಗೆಯ ಇಂಪ್ಲಾಂಟಿಗೆ ದಾರಿ ಹಾಕಿದವರು ಅಮೆರಿಕದ ಚಾರ್ಲ್ಸ್ ನೀರ್. 1950ರ ದಶಕದಲ್ಲಿ ರಟ್ಟೆಗೆ ಲೋಹದ ಗುಂಡು, 1970ರ ದಶಕದಲ್ಲಿ ಅದರ ಜೊತೆ ಬಟ್ಟಲಿಗೆ ಪ್ಲಾಸ್ಟಿಕ್ ತಟ್ಟೆ.

ಆ ಪ್ಲಾಸ್ಟಿಕ್ ತಟ್ಟೆಯೇ ಇವತ್ತಿಗೂ ಡಾಕ್ಟರುಗಳ ತಲೆನೋವು. ತಟ್ಟೆಯ ಹಿಂದೆ ಗೂಟಗಳಿರುತ್ತವೆ. ಮೂಳೆಯಲ್ಲಿ ತೂತು ಕೊರೆದು, ಸಿಮೆಂಟ್ ತುಂಬಿ, ಗೂಟ ಕೂರಿಸುತ್ತಾರೆ. ತೂತು ಕೊರೆದ ಮೇಲೆ ಸರ್ಜನ್ ಒಂದು ಸಣ್ಣ ಕಡ್ಡಿ ಇಳಿಬಿಟ್ಟು ತಳ ತಡವಿ ನೋಡುತ್ತಾರೆ. ಗಟ್ಟಿಯಾಗಿ ಏನೋ ತಾಗಿದರೆ ಸರಿ. ಕಡ್ಡಿ ನಿಲ್ಲದೆ ಮುಂದಕ್ಕೆ ಹೋಯಿತು ಅಂದರೆ ತೂತು ಮೂಳೆಯ ಆಚೆ ಬದಿಗೆ ತೂರಿದೆ. ಹಾಗೇ ಸಿಮೆಂಟ್ ತುಂಬಿದರೆ ಅದು ಹಿಂದಕ್ಕೆ ಸೋರುತ್ತದೆ. ಲಾಳಿಕೆಯ ಆಳ ಎಷ್ಟು ಕಡಿಮೆ ಅಂದೆನಲ್ಲ, ಅದರ ಫಲ ಇದು.

ಕೂರಿಸಿದ ಮೇಲೆ ಏನಾಗುತ್ತದೆ? ತೋಳು ಎತ್ತಿದಾಗ, ತಿರುಗಿಸಿದಾಗ ಗುಂಡು ತಟ್ಟೆಯ ನಡುವಿನಲ್ಲೇ ಕೂರುವುದಿಲ್ಲ. ಒಮ್ಮೆ ಮೇಲಂಚಿಗೆ, ಒಮ್ಮೆ ಹಿಂದಂಚಿಗೆ ಸರಿಯುತ್ತದೆ. ಒಂದು ಅಂಚು ಒತ್ತಿದಾಗ ಎದುರಿನ ಅಂಚು ಏಳಲು ನೋಡುತ್ತದೆ. ನೆಲದಲ್ಲಿ ಹುಗಿದ ಕಂಬವನ್ನು ಒಂದೇ ಏಟಿಗೆ ಕೀಳಲು ಆಗುವುದಿಲ್ಲ. ಆದರೆ ಆಚೆ ಈಚೆ ಅಲ್ಲಾಡಿಸುತ್ತಾ ಹೋದರೆ ಬುಡದ ಮಣ್ಣು ಬಿಟ್ಟುಕೊಳ್ಳುತ್ತದೆ. ಇಲ್ಲೂ ದಿನಕ್ಕೆ ನೂರಾರು ಸಲ, ವರ್ಷಗಟ್ಟಲೆ ಅದೇ ಅಲ್ಲಾಟ. ಮಕ್ಕಳು ಕೂತು ತೂಗುವ ಮರದ ಕುದುರೆಯ ಹೆಸರಿನಿಂದ ವೈದ್ಯರು ಇದನ್ನು ರಾಕಿಂಗ್ ಹಾರ್ಸ್ ಅನ್ನುತ್ತಾರೆ. ಸಿಮೆಂಟೂ ಮೂಳೆಯ ಹಾಗೇ ಒತ್ತಿದರೆ ತಾಳುತ್ತದೆ, ಎಳೆದರೆ ತಾಳುವುದಿಲ್ಲ. ಏಳುವ ಅಂಚಿನಲ್ಲಿ ಬೀಳುವುದು ಎಳೆತವೇ.

ಈ ಅಲ್ಲಾಟವನ್ನು ತಡೆಯುವುದರಲ್ಲಿ ಬಟ್ಟಲಿನ ಮೇಲ್ಪದರದ ಪಾತ್ರ ದೊಡ್ಡದು. ಕೀಲಿನ ಮೆತ್ತೆಯ ಕೆಳಗೆ ಒಂದೆರಡು ಮಿಲಿಮೀಟರ್ ದಪ್ಪದ ಗಟ್ಟಿ ಮೂಳೆಯ ಪದರ ಇರುತ್ತದೆ. ಅದರ ಕೆಳಗೆಲ್ಲ ಸ್ಪಂಜು. ಕೆಸರಿನ ಮೇಲೆ ಹಾಸಿದ ಹಲಗೆಯ ಹಾಗೆ ಈ ಪದರ ಭಾರವನ್ನು ಹರಡುತ್ತದೆ. ಶಸ್ತ್ರಚಿಕಿತ್ಸೆಯಲ್ಲಿ ಬಟ್ಟಲನ್ನು ತಟ್ಟೆಯ ಆಕಾರಕ್ಕೆ ಹೊಂದಿಸಲು ರೀಮರ್ ಅನ್ನುವ ಸಾಧನದಿಂದ ಉಜ್ಜುತ್ತಾರೆ. ಒಂದು ಮಿಲಿಮೀಟರ್ ಜಾಸ್ತಿ ಉಜ್ಜಿದರೆ ಹಲಗೆ ಹೋಯಿತು, ಉಳಿದದ್ದು ಕೆಸರು.

"ಬಟ್ಟಲು ಹಿಂಬದಿಗೆ ಸವೆದಿದೆ" ಅನ್ನುವ ಮಾತಿನ ತೂಕ ಇಲ್ಲಿ ಗೊತ್ತಾಗುತ್ತದೆ. ಸಾಮಾನ್ಯ ಸಂಧಿವಾತದಲ್ಲಿ ಅನೇಕರಿಗೆ ಗುಂಡು ಹಿಂದಕ್ಕೆ ಸರಿದು ಬಟ್ಟಲಿನ ಹಿಂದಿನ ಅರ್ಧವನ್ನು ತಿನ್ನುತ್ತದೆ. ಒತ್ತಡ ಬಿದ್ದ ಹಿಂಬದಿಯ ಮೂಳೆ ಇನ್ನಷ್ಟು ಗಟ್ಟಿಯಾಗುತ್ತದೆ, ಕೆಲಸ ತಪ್ಪಿದ ಮುಂಬದಿ ಮೆತ್ತಗಾಗುತ್ತದೆ. ಓರೆಯಾದ ಬಟ್ಟಲನ್ನು ಸಮ ಮಾಡಲು ಎತ್ತರ ಉಳಿದ ಮುಂಬದಿಯನ್ನು ಉಜ್ಜಬೇಕು. ಉಜ್ಜಿದರೆ ಅಲ್ಲಿನ ಗಟ್ಟಿ ಪದರ ಹೋಗುತ್ತದೆ. ಉಜ್ಜದಿದ್ದರೆ ತಟ್ಟೆ ಓರೆಯಾಗಿ ಕೂರುತ್ತದೆ. ಸವೆತ ಜಾಸ್ತಿಯಿದ್ದರೆ ಕೊಯ್ದು ತೆಗೆದ ಗುಂಡಿನ ಮೂಳೆಯನ್ನೇ ಕತ್ತರಿಸಿ ಹಿಂಬದಿಗೆ ತುಂಬುತ್ತಾರೆ. ಇಲ್ಲವೇ ಒಂದು ಬದಿ ದಪ್ಪಗಿರುವ ಬೆಣೆಯಾಕಾರದ ತಟ್ಟೆ ಹಾಕುತ್ತಾರೆ. ದೇಹದ ರೋಗನಿರೋಧಕ ಶಕ್ತಿಯೇ ಕೀಲುಗಳ ಮೇಲೆ ತಿರುಗಿಬೀಳುವ ರುಮಟಾಯ್ಡ್ ಸಂಧಿವಾತದ ಕಥೆ ಬೇರೆ. ಅಲ್ಲಿ ಬಟ್ಟಲು ಪೂರ್ತಿ ಮೆತ್ತಗಾಗಿರುತ್ತದೆ.

ರಟ್ಟೆಯ ಕಡೆ: ಕೆಲಸವಿಲ್ಲದ ಮೂಳೆ ಕರಗುತ್ತದೆ

ಮೂಳೆ ಜೀವಂತ ವಸ್ತು. ಭಾರ ಬಿದ್ದ ಕಡೆ ಬೆಳೆಯುತ್ತದೆ, ಬೀಳದ ಕಡೆ ಕರಗುತ್ತದೆ. ಜರ್ಮನಿಯ ಶಸ್ತ್ರವೈದ್ಯ ಯೂಲಿಯಸ್ ವೂಲ್ಫ್ 1892ರಲ್ಲಿ ಇದನ್ನು ನಿಯಮವಾಗಿ ಬರೆದ. ಟೆನಿಸ್ ಆಟಗಾರರ ಆಡುವ ಕೈಯ ರಟ್ಟೆ ಮೂಳೆ ಇನ್ನೊಂದು ಕೈಯದಕ್ಕಿಂತ ದಪ್ಪ. ತಿಂಗಳುಗಟ್ಟಲೆ ಬಾಹ್ಯಾಕಾಶದಲ್ಲಿ ತೇಲುವವರ ಸೊಂಟದ ಮೂಳೆ ತಿಂಗಳಿಗೆ ಸುಮಾರು 1% ಅಥವಾ ಸ್ವಲ್ಪ ಹೆಚ್ಚು ಕರಗುತ್ತದೆ.

ಹಳೆಯ ಬಗೆಯ ಇಂಪ್ಲಾಂಟಿನಲ್ಲಿ ಲೋಹದ ಗುಂಡಿಗೆ ಉದ್ದನೆಯ ಕಾಂಡ ಇರುತ್ತದೆ. ಅದು ರಟ್ಟೆ ಮೂಳೆಯ ಟೊಳ್ಳಿನೊಳಗೆ ಇಳಿಯುತ್ತದೆ. ಇಲ್ಲಿ ಮೇಲಿನ ಅಂಕಿ ನೆನಪು ಮಾಡಿಕೊಳ್ಳಿ: ಲೋಹದ ಪೆಡಸು 110 ಅಥವಾ 200, ಮೂಳೆಯ ಚಿಪ್ಪು 20ರ ಒಳಗೆ. ಪಕ್ಕಪಕ್ಕದಲ್ಲಿ ನಿಂತವರಲ್ಲಿ ಪೆಡಸಾದವನೇ ಭಾರ ಹೊರುತ್ತಾನೆ. ಗುಂಡಿನ ಮೇಲೆ ಬಿದ್ದ ಭಾರ ಕಾಂಡದೊಳಗೇ ಇಳಿದು ತುದಿಯಲ್ಲಿ ಮೂಳೆಗೆ ದಾಟುತ್ತದೆ. ನಡುವಿನ ಮೂಳೆಗೆ ಕೆಲಸವಿಲ್ಲ. ಕೆಲವು ವರ್ಷಗಳ ಮೇಲೆ ಎಕ್ಸ್‌ರೇ ನೋಡಿದರೆ ಭುಜದ ಹತ್ತಿರದ ಚಿಪ್ಪು ತೆಳುವಾಗಿರುತ್ತದೆ. ನೋವೇನೂ ಇರದಿರಬಹುದು. ಆದರೆ ಮುಂದೆ ಬಿದ್ದು ಮುರಿದರೆ, ಅಥವಾ ಇಂಪ್ಲಾಂಟ್ ಬದಲಾಯಿಸಬೇಕಾಗಿ ಬಂದರೆ, ಹಿಡಿದುಕೊಳ್ಳಲು ಮೂಳೆ ಕಡಿಮೆ.

ಅದಕ್ಕೆ ಕಾಂಡ ಗಿಡ್ಡವಾಗುತ್ತಾ ಬಂತು. ಯುರೋಪಿನಲ್ಲಿ 2004ರ ಹೊತ್ತಿಗೆ ಕಾಂಡವೇ ಇಲ್ಲದ ಇಂಪ್ಲಾಂಟ್ ಬಳಕೆಗೆ ಬಂತು. ಅದು ಕೂರುವುದು ಗುಂಡು ಕೊಯ್ದ ಜಾಗದ ಸ್ಪಂಜು ಮೂಳೆಯಲ್ಲಿ. ಸ್ಪಂಜು ಗಟ್ಟಿಯಿದ್ದರೆ ಮಾತ್ರ ಇದು ನಡೆಯುತ್ತದೆ. ಗಟ್ಟಿ ಇದೆಯೋ ಇಲ್ಲವೋ ಅಂತ ಕಂಡುಹಿಡಿಯುವ ಬಗೆ ನನಗೆ ತುಂಬ ಇಷ್ಟ. ಸ್ಕ್ಯಾನ್, ಕಂಪ್ಯೂಟರ್ ಎಲ್ಲ ಆದ ಮೇಲೂ ಸರ್ಜನ್ ಕೊಯ್ದ ಮೂಳೆಯ ಮೇಲೆ ಹೆಬ್ಬೆರಳು ಇಟ್ಟು ಒತ್ತುತ್ತಾರೆ. ಒತ್ತಿದರೂ ತಗ್ಗದಿದ್ದರೆ ಕಾಂಡ ಬೇಡ. ಹೆಬ್ಬೆರಳಿನ ಗುರುತು ಮೂಡಿ ಒಳಗೆ ಕುಸಿದರೆ ಕಾಂಡದ ಇಂಪ್ಲಾಂಟನ್ನೇ ತೆಗೆದುಕೊಳ್ಳುತ್ತಾರೆ, ಬೇಕಾದರೆ ಸಿಮೆಂಟ್ ಜೊತೆಗೆ. ಅದಕ್ಕೇ ಎರಡೂ ಬಗೆಯವು ಟೇಬಲ್ ಹತ್ತಿರ ತಯಾರಿರುತ್ತವೆ. ಕೊಯ್ಯುವ ಜಾಗವೂ ಮುಖ್ಯ. ಗುಂಡಿನಲ್ಲಿ ಒಳ್ಳೆಯ ಮೂಳೆ ಇರುವುದು ಕೀಲಿನ ಮೇಲ್ಮೈಗೆ ಹತ್ತಿರ. ಕೆಳಗೆ ಹೋದಷ್ಟೂ ಸಡಿಲ. ವಯಸ್ಸಾದವರಲ್ಲಿ ನಡುಭಾಗ ಹೆಚ್ಚುಕಡಿಮೆ ಟೊಳ್ಳೇ ಆಗಿರಬಹುದು.

ಸಿಮೆಂಟ್ ಇಲ್ಲದೆ ಕೂರಿಸಿದಾಗ ಮೂಳೆಯೇ ಬೆಳೆದು ಲೋಹದ ಒರಟು ಮೇಲ್ಮೈಗೆ ಅಂಟಿಕೊಳ್ಳಬೇಕು. ಅದಕ್ಕೆ ಒಂದು ಷರತ್ತಿದೆ, ಮೊದಲ ವಾರಗಳಲ್ಲಿ ಅಲುಗಾಟ ಇರಬಾರದು. ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗದಷ್ಟು ಅಲುಗಾಟವನ್ನು ಮೂಳೆ ಸಹಿಸುತ್ತದೆ. ಅದರ ಮೂರು ಪಟ್ಟು ಆಯಿತೋ, ಮೂಳೆಯ ಬದಲು ಮೆತ್ತನೆಯ ನಾರಿನ ಪದರ ಬೆಳೆದು ಹಿಡಿತವೇ ಕೂರುವುದಿಲ್ಲ. ಆಪರೇಷನ್ ಆದ ಮೇಲೆ ವಾರಗಟ್ಟಲೆ ಸ್ಲಿಂಗ್ ಹಾಕಿಸುವುದಕ್ಕೆ ಹೊಲಿದ ಸ್ನಾಯುರಜ್ಜು ಕೂಡಿಕೊಳ್ಳಲಿ ಅನ್ನುವುದು ಒಂದು ಕಾರಣ, ಇದು ಇನ್ನೊಂದು.

ಗುಂಡು ಬಟ್ಟಲು ಅದಲುಬದಲು

ಕೆಲವರಿಗೆ "ರಿವರ್ಸ್" ಹಾಕುತ್ತೇವೆ ಅನ್ನುತ್ತಾರೆ. ಗುಂಡನ್ನು ಹಿಡಿದಿಡುವ ಸ್ನಾಯುರಜ್ಜುಗಳು ಹರಿದುಹೋಗಿದ್ದರೆ ಮಾಮೂಲಿ ಇಂಪ್ಲಾಂಟ್ ಮೇಲಕ್ಕೆ ಜಾರುತ್ತದೆ. ಆಗ ಗುಂಡನ್ನು ಹೆಗಲೆಲುಬಿಗೆ, ಬಟ್ಟಲನ್ನು ರಟ್ಟೆಗೆ ಕೂರಿಸುತ್ತಾರೆ. ಈ ಯೋಚನೆ 1970ರ ದಶಕದಲ್ಲೇ ಇತ್ತು, ಆದರೆ ಸಾಲುಸಾಲಾಗಿ ಸೋತಿತು. ತಿರುಗುವ ಬಿಂದು ಮೂಳೆಯಿಂದ ಹೊರಗೆ ಚಾಚಿಕೊಂಡಿತ್ತು, ಪ್ರತಿ ಚಲನೆಯೂ ಸ್ಕ್ರೂಗಳನ್ನು ಮೀಟಿದ ಹಾಗೆ ಆಗುತ್ತಿತ್ತು. ಫ್ರಾನ್ಸಿನ ಪಾಲ್ ಗ್ರಾಮೋಂ 1985ರಲ್ಲಿ ಮಾಡಿದ ವಿನ್ಯಾಸದಲ್ಲಿ ತಿರುಗುವ ಬಿಂದು ಮೂಳೆಯ ಮೇಲ್ಮೈಗೇ ಬಂತು. ಮೀಟುಗೋಲು ಗಿಡ್ಡವಾಯಿತು. ಎಳೆತದ ದೊಡ್ಡ ಪಾಲು ಒತ್ತಡವಾಗಿ ಬದಲಾಯಿತು, ಅದು ಮೂಳೆ ಚೆನ್ನಾಗಿ ತಾಳುವಂಥದ್ದು.

ಇಲ್ಲಿ ಲೋಹದ ತಟ್ಟೆಯನ್ನು ಸ್ಕ್ರೂಗಳಿಂದ ಬಿಗಿಯುತ್ತಾರೆ. ತೆಳು ಹೆಗಲೆಲುಬಿನಲ್ಲಿ ಸ್ಕ್ರೂ ಹಿಡಿಯುವ ದಪ್ಪ ಕಂಬಗಳು ಮೂರೇ: ಮುಂದೆ ಕೊಕ್ಕಿನಂಥ ಚಾಚಿಕೆಯ ಬುಡ, ಹಿಂದೆ ಹೆಗಲೆಲುಬಿನ ಏಣು, ಕೆಳಗೆ ಹೊರಅಂಚು. ಸ್ಕ್ರೂ ಈ ದಿಕ್ಕು ತಪ್ಪಿದರೆ ಕಾಗದಕ್ಕೆ ಚುಚ್ಚಿದ ಹಾಗೆ. ರಿವರ್ಸ್‌ನಲ್ಲಿ ತೋಳೆತ್ತುವ ಕೆಲಸವೆಲ್ಲ ಭುಜದ ಮೇಲಿನ ದೊಡ್ಡ ಸ್ನಾಯುವಿಗೆ ಬೀಳುವುದರಿಂದ, ಅದು ಹುಟ್ಟುವ ಭುಜದ ತುದಿಯ ಮೂಳೆ ಕೆಲವರಲ್ಲಿ ದಣಿದು ಬಿರುಕು ಬಿಡುವುದೂ ಉಂಟು. ಮೆತ್ತಗಿನ ಮೂಳೆಯವರಿಗೆ ಈ ಅಪಾಯ ಜಾಸ್ತಿ.

ಸ್ಕ್ಯಾನ್‌ನಲ್ಲಿ, ಆಮೇಲೆ ಎಕ್ಸ್‌ರೇಯಲ್ಲಿ

ಸಿಟಿ ಸ್ಕ್ಯಾನ್ ಪ್ರತಿ ಚುಕ್ಕೆಗೂ ಒಂದು ಅಂಕಿ ಕೊಡುತ್ತದೆ. ಗಾಳಿಗೆ -1000, ನೀರಿಗೆ 0, ಗಟ್ಟಿ ಮೂಳೆಗೆ 1000 ದಾಟಬಹುದು. ಅಂಕಿ ಹೆಚ್ಚಿದ್ದಷ್ಟೂ ಸಾಂದ್ರತೆ ಹೆಚ್ಚು. ಬಟ್ಟಲಿನ ಓರೆ, ಆಳ, ಎಲ್ಲಿ ಗಟ್ಟಿ, ಎಲ್ಲಿ ಮೆತ್ತಗೆ ಅನ್ನುವುದನ್ನು ಕಂಪ್ಯೂಟರಿನಲ್ಲಿ ಮೂರು ಆಯಾಮದಲ್ಲಿ ನೋಡಿ, ಗೂಟ ಎಲ್ಲಿಗೆ, ಸ್ಕ್ರೂ ಯಾವ ಕಡೆಗೆ ಅಂತ ಮೊದಲೇ ಗುರುತು ಹಾಕಿಕೊಳ್ಳಬಹುದು. ವರ್ಷಗಟ್ಟಲೆ ಸ್ಟಿರಾಯ್ಡ್ ಮಾತ್ರೆ ನುಂಗಿದ್ದರೆ, ಈಗಾಗಲೇ ಆಸ್ಟಿಯೊಪೊರೋಸಿಸ್ (ಮೂಳೆಯ ಸಾಂದ್ರತೆ ಇಳಿಯುವ ಕಾಯಿಲೆ) ಇದ್ದರೆ ಡಾಕ್ಟರ್ ಕೇಳದಿದ್ದರೂ ಹೇಳಿಬಿಡಿ. ನೋವಿಗೆ ಹೆದರಿ ಕೈಯನ್ನೇ ಬಳಸದೆ ಇದ್ದರೂ ಮೂಳೆ ಮೆತ್ತಗಾಗಿರುತ್ತದೆ.

ಆಪರೇಷನ್ ಆದ ಮೇಲೆ ಆಗಾಗ ಎಕ್ಸ್‌ರೇಗೆ ಕರೆಯುತ್ತಾರೆ. ಫಿಲ್ಮಿನಲ್ಲಿ ಬೆಳ್ಳಗೆ ಹೊಳೆಯುವ ಲೋಹದ ಗುಂಡನ್ನು ನಾವು ನೋಡುತ್ತೇವೆ. ಡಾಕ್ಟರ ಕಣ್ಣು ಅದರ ಪಕ್ಕಕ್ಕೆ ಹೋಗಿರುತ್ತದೆ, ಬಟ್ಟಲಿನಲ್ಲಿ ಸಿಮೆಂಟಿಗೂ ಮೂಳೆಗೂ ನಡುವೆ. ಅಲ್ಲಿ ಹಿಡಿತ ಸಡಿಲವಾಗುತ್ತಿರಬಹುದು ಅನ್ನುವ ಸುಳಿವು ಕೊಡುವ ತೆಳ್ಳನೆಯ ಕಪ್ಪು ಗೆರೆ ಇದೆಯೇ, ಹೋದ ಸಲ ಇದ್ದದ್ದಕ್ಕಿಂತ ಅಗಲವಾಗಿದೆಯೇ ಅಂತ ಹಳೆಯ ಫಿಲ್ಮ್ ಪಕ್ಕಕ್ಕಿಟ್ಟು ಹೋಲಿಸುತ್ತಾರೆ.